ಕಾಲುವೆ ದಂಡೆಯ ಮೇಲೆ ಹಾಕಿದ ಕುರ್ಚಿ

ಬೆಟಗೇರಿ ಬಿಡುವಾಗ

ನಾನು ಇಂಗ್ಲೆಂಡಿಗೆ ಹೋಗಿ ಬಂದವನೆಂದು ಗೊತ್ತಾದ ಕೂಡಲೇ ಜನ ಕೇಳುವುದು ರಾಣಿಯ ಅರಮನೆಯ ವಿಚಾರ, ದೊಡ್ಡ ಗಡಿಯಾರದ ವಿಚಾರ. ಅವೆರಡನ್ನೂ ನಾನು ನೋಡಿಲ್ಲ. ವಿಮಾನ ಇಳಿದ ದಿನವೇ ನನ್ನನ್ನು ಒಂದು ವ್ಯಾನಿನಲ್ಲಿ ಕೂರಿಸಿಕೊಂಡು ಉತ್ತರದ ಕಡೆಗೆ ಐದು ತಾಸು ಓಡಿಸಿದರು. ಆಮೇಲೆ ಆರು ವಾರ ನಾನು ಕಂಡದ್ದು ಒಂದು ಸಣ್ಣ ಊರು, ಆ ಊರಿನ ಹಿತ್ತಲಿಗೆ ಹತ್ತಿಕೊಂಡೇ ಇದ್ದ ಒಂದು ಕಾಲುವೆ, ಮತ್ತು ಮಳೆ. ಮಳೆಯೆಂದರೆ ನಮ್ಮ ಮುಂಗಾರಿನ ಹಾಗೆ ಬಂದು ಹೋಗುವುದಲ್ಲ. ಬೇಕೋ ಬೇಡವೋ ಎಂದು ದಿನವಿಡೀ ಉದುರುತ್ತಿರುತ್ತದೆ, ಕೊಡೆ ಬಿಚ್ಚಿದರೆ ನಿಲ್ಲುತ್ತದೆ.

ನಾನು ಗದಗಿನ ಒಂದು ಜಿನ್ನಿಂಗ್ ಫ್ಯಾಕ್ಟರಿಯ ಮಿಸ್ತ್ರಿ. ಹತ್ತಿಯಿಂದ ಕಾಳು ಬಿಡಿಸುವ ಹಳೆಯ ಯಂತ್ರಗಳನ್ನು ರಿಪೇರಿ ಮಾಡುವುದು ನನ್ನ ಕೆಲಸ. ನನ್ನ ಅಪ್ಪನೂ ಅದನ್ನೇ ಮಾಡುತ್ತಿದ್ದ. ಇಂಗ್ಲೆಂಡಿನ ಆ ಊರಿನಲ್ಲಿ ಒಂದು ಮುಚ್ಚಿದ ಹತ್ತಿ ಮಿಲ್ಲನ್ನು ಕೆಲವು ನಿವೃತ್ತರು ಸೇರಿ ನೋಡುವ ಜಾಗ ಮಾಡಿದ್ದರು. ಅಲ್ಲಿ ನಮ್ಮಲ್ಲಿರುವಂಥದೇ ಒಂದು ಯಂತ್ರವಿತ್ತು. ಮಾಡಿದವರು ಅವರ ಜನವೇ. ಆದರೆ ಅದನ್ನು ಓಡಿಸಲು ಅಲ್ಲಿ ಯಾರಿಗೂ ಬರುತ್ತಿರಲಿಲ್ಲ. ನಮ್ಮಲ್ಲಿ ಅದು ಇವತ್ತಿಗೂ ದಿನಾ ಓಡುತ್ತದೆ ಎಂದು ಯಾರಿಂದಲೋ ತಿಳಿದು ನಮ್ಮ ಮಾಲಕರಿಗೆ ಕಾಗದ ಬರೆದರು. ಮಾಲಕರು ನನ್ನನ್ನು ಕರೆದು, "ಮೌಲಾಸಾಬ, ಇಂಗ್ಲೆಂಡಕ್ಕ ಹೋಗ್ತೀಯೇನ?" ಎಂದರು. ಪಕ್ಕದ ಹುಲಕೋಟಿಗೆ ಹೋಗಿ ಬಾ ಎನ್ನುವಾಗ ಅವರು ಇದಕ್ಕಿಂತ ಹೆಚ್ಚು ಮಾತಾಡುತ್ತಾರೆ.

ಪಾಸ್‌ಪೋರ್ಟಿಗೆ ಓಡಾಡಿದ್ದೇ ಒಂದು ಪ್ರವಾಸ. ಜಿಲ್ಲೆ ಹೊಸದಾಗಿ ಇನ್ನೂ ಕೆಲವೇ ವರ್ಷವಾಗಿತ್ತು. ನನ್ನ ಶಾಲೆಯ ದಾಖಲೆಯಲ್ಲಿ ಧಾರವಾಡ ಜಿಲ್ಲೆ, ರೇಷನ್ ಕಾರ್ಡಿನಲ್ಲಿ ಗದಗ ಜಿಲ್ಲೆ. ಆಫೀಸಿನವನು ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು, "ನೀವು ಯಾವ ಜಿಲ್ಲಾದಿಂದ ಯಾವ ಜಿಲ್ಲಾಕ್ಕ ಹೋದ್ರಿ?" ಎಂದು ಕೇಳಿದ. ನಾನು ಎಲ್ಲಿಗೂ ಹೋಗಿಲ್ಲರೀ, ಜಿಲ್ಲೆಯೇ ಬಂದಿದ್ದು ಎಂದೆ. ಅವನಿಗೆ ನಗು ಬರಲಿಲ್ಲ.

ಹೊರಡುವ ಹಿಂದಿನ ದಿನ ನನ್ನ ಹೆಂಡತಿ ಹುಸೇನಬಿ ಎರಡು ದೊಡ್ಡ ಡಬ್ಬಿ ತುಂಬ ಶೇಂಗಾ ಉಂಡಿ ಕಟ್ಟಿದಳು. ಒಂದು ಸಾಕು ಎಂದೆ.

"ಒಂದು ನಿಮಗ. ಇನ್ನೊಂದು ಬಂದವರಿಗೆ," ಎಂದಳು.

"ಅಲ್ಲಿ ನನ್ನ ಕಡೆ ಯಾರ ಬರ್ತಾರ?"

"ಮನಿ ಅಂದ ಮ್ಯಾಲ ಯಾರರ ಬಂದೇ ಬರ್ತಾರ್ರಿ. ಬಂದವರನ್ನ ಬರೇ ಕೈಲೆ ಕಳಸ್ತೀರೇನು?"

ಐದು ವಾರ ಆ ಎರಡನೆಯ ಡಬ್ಬಿಯ ಮುಚ್ಚಳ ತೆಗೆಯುವ ಪ್ರಸಂಗ ಬರಲಿಲ್ಲ.

ಡೋರೀನ್ ಬಾಯಿಯವರ ಮನೆ

ನನ್ನನ್ನು ಇಳಿಸಿದ್ದು ಡೋರೀನ್ ಎಂಬ ಹೆಂಗಸಿನ ಮನೆಯಲ್ಲಿ. ಅರವತ್ತು ದಾಟಿದವರು, ಗಂಡ ಇಲ್ಲ, ಮಕ್ಕಳೂ ಇಲ್ಲ. ಇಪ್ಪತ್ತಾರು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ನಾನು ಅವರನ್ನು ಡೋರೀನ್ ಬಾಯಿ ಎನ್ನುತ್ತಿದ್ದೆ. ಬಾಯಿ ಎಂದರೇನೆಂದು ಕೇಳಿದರು. ಮರ್ಯಾದೆ ಎಂದೆ. ಸರಿ ಎಂದು ತಲೆಯಾಡಿಸಿದರು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ನನಗೆ ಬರುವ ಇಂಗ್ಲಿಷ್ ಎಂದರೆ ಬೇರಿಂಗು, ಬೆಲ್ಟು, ರೋಲರು, ಶಾಫ್ಟು, ಮತ್ತು ಅವುಗಳ ನಡುವೆ ಹಾಕುವ ಹತ್ತಿಪ್ಪತ್ತು ಶಬ್ದ. ಅಲ್ಲಿಯ ಜನ ಆಡಿದ್ದರಲ್ಲಿ ನನಗೆ ತಿಳಿದಷ್ಟನ್ನು ನಮ್ಮ ಗದಗಿನ ಮಾತಿಗೆ ಹಾಕಿ ಬರೆಯುತ್ತೇನೆ. ಅವರ ಬಾಯಲ್ಲಿ ನಮ್ಮ ಭಾಷೆ ಕೇಳಿ ನಿಮಗೆ ನಗು ಬಂದರೆ ನಗಬಹುದು. ನನಗೆ ಮಾತ್ರ ಅವರು ಹಾಗೆಯೇ ಮಾತಾಡಿದಂತೆ ನೆನಪಿದೆ.

ಡೋರೀನ್ ಬಾಯಿಯವರು ಕೆಟ್ಟವರಲ್ಲ. ನಾನು ಹೋದ ಮೊದಲ ದಿನವೇ ನನ್ನ ಖೋಲಿಯಲ್ಲಿ ದಪ್ಪ ಹೊದಿಕೆ, ಬಿಸಿನೀರಿನ ರಬ್ಬರ್ ಚೀಲ ಎಲ್ಲ ಇಟ್ಟಿದ್ದರು. ಆದರೆ ಮಾತಿಲ್ಲ. ಮುಂಜಾನೆ ಚಹದ ತಟ್ಟೆಯನ್ನು ಬಾಗಿಲ ಹೊರಗೆ ಇಟ್ಟು, ಒಮ್ಮೆ ಬಡಿದು ಹೋಗಿಬಿಡುತ್ತಿದ್ದರು. ನಾನು ಬಾಗಿಲು ತೆಗೆಯುವಷ್ಟರಲ್ಲಿ ತಟ್ಟೆ ಇರುತ್ತಿತ್ತು, ಮನುಷ್ಯರಿರುತ್ತಿರಲಿಲ್ಲ. ಯಾವ ಟವೆಲ್ಲು ಯಾವುದಕ್ಕೆ, ಕಸ ಯಾವ ದಿನ ಹೊರಗಿಡಬೇಕು ಎಂಬುದನ್ನೆಲ್ಲ ಚೀಟಿಯಲ್ಲಿ ಬರೆದು ಅಂಟಿಸಿದ್ದರು. ಅಲ್ಲಿ ಅದನ್ನು ಮರ್ಯಾದೆ ಎನ್ನುತ್ತಾರಂತೆ, ಇನ್ನೊಬ್ಬರಿಗೆ ತೊಂದರೆ ಕೊಡದೆ ಇರುವುದು.

ಗದಗಿನ ಜೋಡಿ ಊರು ಬೆಟಗೇರಿಯಲ್ಲಿ ನಮ್ಮದು ಒಂದಕ್ಕೊಂದು ಗೋಡೆ ಹತ್ತಿದ ಮನೆಗಳು. ನಾನು ಎರಡು ಸಲ ಕೆಮ್ಮಿದರೆ ಆ ಕಡೆಯ ನೇಕಾರರ ಮನೆಯಿಂದ ಮಗ್ಗದ ಸಪ್ಪಳ ನಿಂತು, "ಯಾಕ್ರಿ ಮಿಸ್ತ್ರಿ, ಆರಾಮಿಲ್ಲೇನ?" ಎಂದು ದನಿ ಬರುತ್ತದೆ. ಅದು ಎಷ್ಟೋ ಸಲ ನನಗೆ ಕಿರಿಕಿರಿ ಎನಿಸಿದ್ದುಂಟು. ಇಲ್ಲಿ ನಾನು ನಾಲ್ಕು ದಿನ ಜ್ವರದಲ್ಲಿ ಕೆಮ್ಮಿದೆ. ಐದನೆಯ ದಿನ ಬಾಗಿಲ ಹೊರಗೆ ಚಹದ ಜೊತೆ ಒಂದು ಔಷಧದ ಬಾಟಲಿ ಇತ್ತು. ಔಷಧ ಕುಡಿದು ಹಾಸಿಗೆಯ ಮೇಲೆ ಕೂತು ಅತ್ತೆ. ಐವತ್ತೆರಡು ವರ್ಷದ ಗಂಡಸು ಅತ್ತೆನೆಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಅತ್ತದ್ದು ಖರೆ.

ಭಾನುವಾರಕ್ಕೊಮ್ಮೆ ಮನೆಗೆ ಫೋನು. ನಮ್ಮ ಓಣಿಯ ಬಸಣ್ಣನ ಕಿರಾಣಿ ಅಂಗಡಿಯಲ್ಲಿ ಫೋನಿತ್ತು. ಹುಸೇನಬಿ ಅರ್ಧ ತಾಸು ಮೊದಲೇ ಬಂದು ಸಕ್ಕರೆ ಚೀಲದ ಮೇಲೆ ಕೂತಿರುತ್ತಿದ್ದಳಂತೆ. ನಾನು ಆಡಿದ ಮಾತು ಅವಳಿಗೆ ತುಸು ತಡವಾಗಿ ಮುಟ್ಟುತ್ತಿತ್ತು. ಇಬ್ಬರೂ ಒಮ್ಮೆಲೇ ಮಾತಾಡುತ್ತಿದ್ದೆವು, ಇಬ್ಬರೂ ಒಮ್ಮೆಲೇ ಸುಮ್ಮನಾಗುತ್ತಿದ್ದೆವು.

"ಹೇಳ್ರಿ."

"ನೀ ಹೇಳ."

"ಇಲ್ಲ, ನೀವ ಹೇಳ್ರಿ. ಮಂದಿ ಮಾತಾಡಸ್ತಾರಿಲ್ಲೋ?"

"ಮಾತಾಡಸ್ತಾರ," ಎಂದು ಸುಳ್ಳು ಹೇಳುತ್ತಿದ್ದೆ. ಅಷ್ಟರಲ್ಲಿ ಫೋನ್ ಕಾರ್ಡಿನ ಹೊತ್ತು ಮುಗಿಯುತ್ತಿತ್ತು.

ಮಿಲ್ಲಿನಲ್ಲಿ

ಯಂತ್ರ ಹನ್ನೆರಡೇ ದಿನಕ್ಕೆ ಓಡಿತು. ಚರ್ಮದ ರೋಲರಿಗೆ ಗರಗಸದಿಂದ ಗೆರೆ ಹಾಕುವುದನ್ನು ನೋಡಲು ಆ ಮುದುಕರೆಲ್ಲ ನನ್ನ ಸುತ್ತ ಕುರ್ಚಿ ಹಾಕಿಕೊಂಡು ಕೂತಿದ್ದರು. ಹತ್ತಿಯಿಂದ ಮೊದಲ ಕಾಳು ಉದುರಿದಾಗ ಚಪ್ಪಾಳೆ ತಟ್ಟಿದರು. ಆಮೇಲೆ ಕೆಲಸ ಇರಲಿಲ್ಲ. ಆರನೆಯ ವಾರದಲ್ಲಿ ಮಿಲ್ಲಿನ ಉದ್ಘಾಟನೆ. ಅಲ್ಲಿಯ ತನಕ ಕಾಯಬೇಕಾಗಿತ್ತು. ನಾನು ಓಡುತ್ತಿರುವ ಯಂತ್ರವನ್ನು ಬಿಚ್ಚಿ, ಒರೆಸಿ, ಮತ್ತೆ ಕೂಡಿಸುತ್ತ ದಿನ ಕಳೆದೆ.

ಆ ಮಿಲ್ಲಿನ ಉಸ್ತುವಾರಿ ಆಲನ್ ಎಂಬವರದು. ಎತ್ತರದ ಮನುಷ್ಯ, ಹಿಂದೆ ಟಪಾಲು ಹಂಚುತ್ತಿದ್ದವರು. ಒಂದು ದಿನ ಅವರು ಕೇಳಿದರು, "ಮಿಸ್ತ್ರಿ, ಶನಿವಾರ ನಮಗ ಒಬ್ಬ ಆಳು ಕಮ್ಮಿ ಬಿದ್ದಾನ. ಟೇಬಲ್ ಮುಂದ ನಿಲ್ತೀರೇನು?"

ಪ್ರತಿ ವರ್ಷ ಆ ಊರಿನವರು ಕಾಲುವೆಯ ದಂಡೆಗುಂಟ ಒಂದು ಓಟ ಇಟ್ಟುಕೊಳ್ಳುತ್ತಾರೆ. ಹಿಂದೆ ಕುದುರೆಗಳು ದೋಣಿ ಎಳೆಯಲು ನಡೆಯುತ್ತಿದ್ದ ಕಾಲುದಾರಿ ಅದು, ಈಗ ಕುದುರೆ ಇಲ್ಲ. ದೂರ ಎಷ್ಟೆಂದರೆ, ಗದಗಿನಿಂದ ಮುಂಡರಗಿಗೆ ಓಡಿ, ಅಲ್ಲಿಂದ ಹೊಳ್ಳಿ ನಡುದಾರಿಯ ಡೋಣಿ ಊರಿನ ತನಕ ಬಂದಷ್ಟು, ಸುಮಾರು ಐವತ್ತು ಕಿಲೋಮೀಟರು. ಬಹುಮಾನ ಏನೆಂದು ಕೇಳಿದೆ. ಒಂದು ಚಹದ ಕಪ್ಪು, ಅದರ ಮೇಲೆ ಊರಿನ ಹೆಸರು. ಮೊದಲು ಬಂದವನಿಗೂ ಅದೇ, ಕೊನೆಗೆ ಬಂದವನಿಗೂ ಅದೇ. ಹಾಗಾದರೆ ಯಾಕೆ ಓಡುತ್ತಾರೆ ಎಂದೆ. ಆಲನ್ ಬಹಳ ಹೊತ್ತು ವಿಚಾರ ಮಾಡಿ, "ಅದು ನನಗೂ ಗೊತ್ತಿಲ್ಲ ನೋಡ್ರಿ," ಎಂದರು.

ಆಗಲೇ ಅವರು ಡೋರೀನ್ ಬಾಯಿಯವರ ವಿಷಯ ಹೇಳಿದ್ದು. ಮಸುಕಿನಲ್ಲೇ ಎದ್ದು ಅವರು ಎಲ್ಲಿಗೆ ಹೋಗುತ್ತಾರೆ, ಕಾಲಿಗೆ ಕೆಸರು ಮಾಡಿಕೊಂಡು ಎಲ್ಲಿಂದ ಬರುತ್ತಾರೆ ಎಂಬುದು ನನಗೆ ಅಲ್ಲಿಯ ತನಕ ತಿಳಿದಿರಲಿಲ್ಲ.

"ಆಕಿ ಬಸ್ ಓಡಿಸಿದ್ದು ಈ ಕಾಲುವಿ ಮಗ್ಗಲ ರಸ್ತಾದಾಗ. ಇಪ್ಪತ್ತಾರು ವರ್ಷ ಮಂದೀನ್ನ ಈ ತುದಿಯಿಂದ ಆ ತುದಿಗೆ ಒಯ್ದು ಬಿಟ್ಟಾಳ. ಒಮ್ಮೆ ಅಷ್ಟೂ ದೂರ ತನ್ನ ಕಾಲಿಂದ ಹೋಗಬೇಕಂತ ಆಕಿಗೆ. ಮೂರು ಸಲ ಓಡಿದಳು. ಮೂರೂ ಸಲ ಹನ್ನೊಂದನೇ ಬಾಗಲದಾಗ ಹೊತ್ತು ಮೀರಿತು. ಮುಂದಿನ ತಿಂಗಳ ಮೊಣಕಾಲಿನ ಆಪರೇಶನ್ ಐತಿ. ಆಮ್ಯಾಲ ಓಡೂದು ಬಂದ್ ಅಂತ ಡಾಕ್ಟರ್ ಹೇಳ್ಯಾರ."

ಬಾಗಿಲು ಎಂದರೆ ನೀರಿನ ಬಾಗಿಲು. ಕಾಲುವೆ ಏರಿಳಿಯುವ ಕಡೆ ದೊಡ್ಡ ಕಟ್ಟಿಗೆಯ ಬಾಗಿಲು ಹಾಕಿ, ನೀರು ತುಂಬಿ ದೋಣಿಯನ್ನು ಮೇಲಕ್ಕೆತ್ತುತ್ತಾರೆ. ಹನ್ನೊಂದನೆಯ ಬಾಗಿಲಿಗೆ ಓಟದ ಮುಕ್ಕಾಲು ಭಾಗ ಮುಗಿದಿರುತ್ತದೆ. ನನ್ನ ಟೇಬಲ್ಲು ಅಲ್ಲಿಯೇ.

ಆಲನ್ ಮೂರು ಮಾತು ಹೇಳಿಕೊಟ್ಟರು. ಬಂದವರ ನಂಬರು, ಬಂದ ಹೊತ್ತು, ಬಿಟ್ಟ ಹೊತ್ತು ವಹಿಯಲ್ಲಿ ಬರೆಯಬೇಕು. ಮೂರು ಗಂಟೆಯೊಳಗೆ ಟೇಬಲ್ಲು ಬಿಟ್ಟವರಿಗೆ ಮಾತ್ರ ಮುಂದೆ ದಾರಿ. ಮೂರನೆಯದು: "ಯಾರನ್ನೂ ಕುಂದ್ರಸಬ್ಯಾಡ್ರಿ. ನಿಂತಲ್ಲೇ ನೀರು ಕೊಡ್ರಿ, ಬಿಸ್ಕೀಟು ಕೊಡ್ರಿ, ಕಳಸ್ರಿ. ಕುಂತವರು ಏಳೂದಿಲ್ಲ."

ಮೊದಲೆರಡನ್ನು ನಾನು ಬರೆದುಕೊಂಡೆ. ಮೂರನೆಯದನ್ನು ಬರೆದುಕೊಳ್ಳಲಿಲ್ಲ.

ಶನಿವಾರ, ಹನ್ನೊಂದನೆಯ ಬಾಗಿಲು

ನನ್ನ ತಾಯಿಯ ತವರು ಲಕ್ಷ್ಮೇಶ್ವರದ ರಸ್ತೆಯ ಮೇಲೆ. ಶಿರಹಟ್ಟಿಯ ಮಠದ ಜಾತ್ರೆಗೆ ನಡೆದು ಹೋಗುವ ಮಂದಿ ಆ ಮನೆಯ ಮುಂದೆಯೇ ಹಾಯುತ್ತಾರೆ. ಹಿಂದೂನೋ ಮುಸಲ್ಮಾನನೋ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ನಡೆದು ಬಂದವರನ್ನು ಒಳಗೆ ಕರೆಯಬೇಕು, ಕಾಲಿಗೆ ಬಿಸಿನೀರು ಹಾಕಬೇಕು, ಹೊಟ್ಟೆಗೆ ಏನಾದರೂ ಕೊಡಬೇಕು. ಅವರು ಒಲ್ಲೆ ಎನ್ನುತ್ತಾರೆ, ನಾವು ಬಿಡುವುದಿಲ್ಲ. ಎರಡನೆಯ ಸಲವೂ ಒಲ್ಲೆ ಎನ್ನುತ್ತಾರೆ, ಆಗಲೂ ಬಿಡಬಾರದು. ಇದನ್ನು ನಮಗೆ ಯಾರೂ ಕಲಿಸಿಲ್ಲ. ನೋಡಿ ನೋಡಿ ಬಂದದ್ದು.

ಹಾಗಿರುವಾಗ ಅಷ್ಟು ದೂರದಿಂದ ಕಾಲಮೇಲೆ ಬಂದವರನ್ನು ನಿಲ್ಲಿಸಿಯೇ ನೀರು ಕೊಟ್ಟು ಅಟ್ಟುವುದು ನನಗೆ ಸೇರಲಿಲ್ಲ. ಬಾಗಿಲ ಹತ್ತಿರ ದೋಣಿ ಕಟ್ಟಿಕೊಂಡಿದ್ದ ಒಬ್ಬ ಮುದುಕನನ್ನು ಕೇಳಿ ಮಡಚುವ ಕುರ್ಚಿಯೊಂದನ್ನು ತಂದು ಟೇಬಲ್ಲಿನ ಪಕ್ಕಕ್ಕೆ ಹಾಕಿದೆ. ಗ್ಯಾಸಿನ ಸಣ್ಣ ಒಲೆ ಇತ್ತು. ಅದರ ಮೇಲೆ ಶುಂಠಿ ಜಜ್ಜಿ ಹಾಕಿ, ಹಾಲು ಹಾಕಿ, ಸಕ್ಕರೆ ಧಾರಾಳವಾಗಿ ಸುರಿದು ಚಹ ಕುದಿಸಿದೆ. ಎರಡನೆಯ ಡಬ್ಬಿಯ ಮುಚ್ಚಳ ತೆಗೆದೆ. ಉಂಡಿಗಳು ಕಲ್ಲಾಗಿದ್ದವು, ಆದರೆ ರುಚಿ ಕೆಟ್ಟಿರಲಿಲ್ಲ.

ಓಡುವವರು ನಲವತ್ತು ಮಂದಿಗಿಂತ ಹೆಚ್ಚು ಇರಲಿಲ್ಲ. ಮುಂದೆ ಬಂದ ನಾಲ್ಕೈದು ಜನ ಕುರ್ಚಿಯ ಕಡೆ ನೋಡಲೂ ಇಲ್ಲ. ನೀರು ಗುಟುಕರಿಸಿ, ಥ್ಯಾಂಕ್ಯೂ ಎಂದು ಹೋದರು. ಆಮೇಲೆ ಗಡ್ಡದವನೊಬ್ಬ ಬಂದ. "ಚಾ ಐತೇನು?" ಎಂದ. ಕುಡಿದ, ಕಣ್ಣು ಅರಳಿಸಿದ, ಕೂತೇಬಿಟ್ಟ. ಎರಡು ಉಂಡಿ ತಿಂದು, ಮೂರನೆಯದನ್ನು ಕಿಸೆಯಲ್ಲಿ ಇಟ್ಟುಕೊಂಡು ಎದ್ದ. ಅವನ ಹಿಂದೆ ಬಂದ ಅಕ್ಕತಂಗಿಯರು ನಿಂತೇ ಕುಡಿದರು, ಆದರೆ ಎರಡೆರಡು ಕಪ್ಪು. ನಾಯಿಯ ಜೊತೆ ಓಡುತ್ತಿದ್ದವನ ನಾಯಿಗೂ ಒಂದು ಉಂಡಿ ಹೋಯಿತು. ದೋಣಿಯ ಮುದುಕನೂ ಕಪ್ಪು ಹಿಡಿದುಕೊಂಡು ಬಂದ. ನಾನು "ಬರ್ರಿ, ಬರ್ರಿ" ಎಂದು ಗದಗಿನ ಬಸ್‌ಸ್ಟ್ಯಾಂಡಿನವನ ಹಾಗೆ ಕೂಗುತ್ತಿದ್ದೆ. ಐದು ವಾರದಲ್ಲಿ ನಾನು ಅಷ್ಟು ಖುಷಿಯಾಗಿದ್ದು ಅದೇ ಮೊದಲು. ಎಲ್ಲರೂ ಮೂರರೊಳಗೆ ಆರಾಮಾಗಿ ಹೋಗುವವರಾದ್ದರಿಂದ ಯಾರಿಗೂ ಏನೂ ಕೆಡಲಿಲ್ಲ.

ಕಡೆಗೆ ದಂಡೆ ಖಾಲಿಯಾಯಿತು. ವಹಿಯಲ್ಲಿ ಒಂದೇ ನಂಬರು ಬಾಕಿ. ಎರಡು ಇಪ್ಪತ್ತಕ್ಕೆ ತಿರುವಿನಲ್ಲಿ ಡೋರೀನ್ ಬಾಯಿಯವರು ಕಂಡರು. ಒಂದು ಕಾಲು ಚೂರು ಎಳೆಯುತ್ತಿದ್ದರೂ ಓಟ ನಿಂತಿರಲಿಲ್ಲ. ನನ್ನನ್ನು ನೋಡಿ ನಕ್ಕರು. ಐದು ವಾರದಲ್ಲಿ ಅವರ ಹಲ್ಲು ನೋಡಿದ್ದೂ ಅದೇ ಮೊದಲು.

"ನಲವತ್ತು ನಿಮಿಷ ಕೈಯಾಗ ಅದಾವ!" ಎಂದರು. "ಹಿಂದ ಎಂದೂ ಇಷ್ಟು ಜಲ್ದಿ ಬಂದಿಲ್ಲ ನಾನು."

"ಕುಂಡ್ರಿ ಬಾಯಾರ," ಎಂದೆ.

"ಒಲ್ಲೆ. ಕುಂತರ ಕಾಲು ಬಿಗೀತಾವ."

"ಒಂದ ಕಪ್ ಚಾ. ಐದ ನಿಮಿಷ."

"ಒಲ್ಲೆ ಮಿಸ್ತ್ರಿ."

ಎರಡನೆಯ ಸಲ ಒಲ್ಲೆ ಎಂದರಲ್ಲ, ನಾನು ಭುಜ ಹಿಡಿದು ಕೂರಿಸಿಯೇ ಬಿಟ್ಟೆ.

ಮೂರು ಗಂಟೆ

ಚಹ ಕೊಟ್ಟೆ. ಉಂಡಿ ಕೊಟ್ಟೆ. ಕಪ್ಪು ತೊಳೆಯಲು ಇಟ್ಟಿದ್ದ ಪ್ಲಾಸ್ಟಿಕ್ ಬುಟ್ಟಿಗೆ ಬಿಸಿನೀರು ಸುರಿದು, ಅವರು ಬೇಡ ಬೇಡ ಎನ್ನುತ್ತಿದ್ದಂತೆಯೇ ಬೂಟಿನ ಲಾಡಿ ಬಿಚ್ಚಿ, ಕಾಲನ್ನು ನೀರಿನಲ್ಲಿ ಇಳಿಸಿದೆ. ಅವರು ಕಣ್ಣು ಮುಚ್ಚಿ "ಆಹಾ" ಎಂದರು. ಆ ಒಂದು ಶಬ್ದ ಎಲ್ಲ ಭಾಷೆಯಲ್ಲೂ ಒಂದೇ ಇರಬೇಕು.

ಆಮೇಲೆ ಅವರು ಮಾತಾಡಿದರು. ಬಸ್ಸಿನ ಕೆಲಸಕ್ಕೆ ಸೇರಿದ ಮೊದಲ ದಿನ ಗಿಡ್ಡ ಸೇತುವೆಯ ಕೆಳಗೆ ಎತ್ತರದ ಬಸ್ಸು ಸಿಗಿಸಿಕೊಂಡದ್ದು, ಟೈರಿನ ಗಾಳಿ ಬಿಟ್ಟು ಬಸ್ಸನ್ನು ಹೊರಗೆ ತೆಗೆದದ್ದು, ಅದನ್ನು ನೋಡಲು ನಿಂತಿದ್ದವರಲ್ಲಿ ಒಬ್ಬ ಆಮೇಲೆ ಗಂಡನಾದದ್ದು. ನನಗೆ ಅರ್ಧ ತಿಳಿಯಿತು, ಉಳಿದರ್ಧಕ್ಕೂ ನಕ್ಕೆ. ನಾನು ನಮ್ಮ ಮನೆಯ ಗೋಡೆಯಾಚೆಯ ಮಗ್ಗದ ಸಪ್ಪಳವನ್ನು ಬಾಯಿಂದ ಮಾಡಿ ತೋರಿಸಿದೆ. ಅವರೂ ನಕ್ಕರು.

ಎರಡು ಮೂವತ್ತೈದಕ್ಕೆ ನಾನು ಗಡಿಯಾರ ನೋಡಿದೆ. ಇದನ್ನು ಮುಚ್ಚಿಡುವುದಿಲ್ಲ. ನೋಡಿದೆ, ಇನ್ನೂ ಇಪ್ಪತ್ತೈದು ನಿಮಿಷ ಇದೆ ಎಂದುಕೊಂಡೆ, ಮತ್ತು ಇನ್ನೊಂದು ಕಪ್ಪು ಚಹ ಸುರಿದೆ. ಅವರ ಕಪ್ಪು ಇನ್ನೂ ಅರ್ಧ ತುಂಬಿಯೇ ಇತ್ತು. ಅವರು ಏಳಬಾರದು ಎಂದು ನನಗನಿಸಿತ್ತು. ಎದ್ದರೆ ಈ ಮಾತು ನಿಲ್ಲುತ್ತದೆ, ನಾಳೆ ಮತ್ತೆ ಬಾಗಿಲ ಹೊರಗೆ ತಟ್ಟೆ ಇರುತ್ತದೆ.

ಎರಡು ನಲವತ್ತೈದಕ್ಕೆ ಅವರೇ ಬೆಚ್ಚಿದಂತೆ ನೀರಿನಿಂದ ಕಾಲು ತೆಗೆದರು. ಎಡಗಾಲು ಊದಿತ್ತು. ಒದ್ದೆ ಕಾಲಿಗೆ ಕಾಲುಚೀಲ ಏರಲಿಲ್ಲ. ನಾನು ನನ್ನ ಅಂಗಿಯ ಚುಂಗಿನಿಂದ ಒರೆಸಿದೆ. ಕಾಲುಚೀಲ ಏರಿತು, ಬೂಟು ಏರಲಿಲ್ಲ. ಲಾಡಿಯನ್ನು ಪೂರ್ತಿ ಕಿತ್ತು, ಬೂಟಿನ ನಾಲಿಗೆ ಎಳೆದು, ಇಬ್ಬರೂ ಸೇರಿ ತುರುಕಿದೆವು. ಹೇಗೋ ಹೋಯಿತು. ಲಾಡಿಯನ್ನು ಒಂದೊಂದೇ ತೂತಿಗೆ ಪೋಣಿಸುವಾಗ ಎರಡು ಸಲ ತೂತು ತಪ್ಪಿಸಿದೆ. ನಲವತ್ತು ವರ್ಷ ಸಣ್ಣ ಸಣ್ಣ ಸ್ಕ್ರೂ ಹಿಡಿದ ಕೈ ನನ್ನದು. ಎದ್ದು ನಿಲ್ಲಲು ಹೋದರೆ ಮೊಣಕಾಲು ಮಡಚುತ್ತಿಲ್ಲ. ನೀರಿನ ಬಾಗಿಲಿನ ದಿಮ್ಮಿಯನ್ನು ಹಿಡಿದು ಮುಂದಕ್ಕೂ ಹಿಂದಕ್ಕೂ ಕಾಲು ತೂಗಿದರು. ಅವರು ಕೈಗಡಿಯಾರ ನೋಡಿಕೊಂಡು ಟೇಬಲ್ಲು ಬಿಟ್ಟಾಗ ಮೂರು ಗಂಟೆ ಒಂಬತ್ತು ನಿಮಿಷ.

ತಡೆಯಬೇಕಾದವನು ನಾನೇ. ತಡೆಯಲಿಲ್ಲ. ವಹಿಯಲ್ಲಿ ಬಿಟ್ಟ ಹೊತ್ತಿನ ಕಡೆ ಎರಡು ಐವತ್ತೆಂಟು ಎಂದು ಬರೆದೆ.

ಹತ್ತು ನಿಮಿಷದಲ್ಲಿ ಆಲನ್ ಸೈಕಲ್ಲಿನ ಮೇಲೆ ಬಂದರು. ವಹಿ ನೋಡಿದರು. ಅವರ ಮುಖ ಅರಳಿತು. "ಎರಡ ನಿಮಿಷ ಮೊದಲ! ಪಾಸಾದಳು!" ಎಂದು ನನ್ನ ಬೆನ್ನು ತಟ್ಟಿದರು. ದಂಡೆ ಅಲ್ಲಿ ನೆಟ್ಟಗೆ ಹೋಗುತ್ತದೆ. ಬಾಯಿಯವರು ಕುಂಟುತ್ತ ಹೋಗುತ್ತಿರುವುದು ಇನ್ನೂ ಕಾಣುತ್ತಿತ್ತು. ಆಲನ್ ಸೈಕಲ್ಲು ತುಳಿದುಕೊಂಡು ಹಿಂದೆ ಹೋಗಿ ಶುಭ ಸುದ್ದಿ ಹೇಳಿದ್ದು, ಬಾಯಿಯವರು ನಿಂತದ್ದು, ಎಲ್ಲವನ್ನೂ ನಾನು ಇಲ್ಲಿಂದಲೇ ನೋಡಿದೆ.

ಅವರು ತಿರುಗಿ ನಡೆದು ಬಂದರು. ಆ ಕಾಲಿನಲ್ಲಿ, ಹೋದಷ್ಟೂ ದೂರ, ವಾಪಸು. ಟೇಬಲ್ಲಿನ ಮೇಲಿನ ಪೆನ್ಸಿಲ್ಲು ಎತ್ತಿಕೊಂಡು ನಾನು ಬರೆದದ್ದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಮೂರು ಒಂಬತ್ತು ಎಂದು ಬರೆದರು. ಎದೆಯ ಮೇಲಿನ ನಂಬರಿನ ಪಿನ್ನುಗಳನ್ನು ನಾಲ್ಕನ್ನೂ ಬಿಚ್ಚಿ, ನಂಬರನ್ನು ವಹಿಯ ಮೇಲೆ ಇಟ್ಟರು. ನನ್ನ ಮುಖ ನೋಡಲಿಲ್ಲ. ಮತ್ತೆ ತಿರುಗಿ ಅದೇ ದಾರಿ ಹಿಡಿದರು.

"ಈಗೆಲ್ಲಿ ಹೊಂಟ್ರು?" ಎಂದು ಆಲನ್‌ರನ್ನು ಕೇಳಿದೆ.

"ಓಟ ಮುಗೀತು. ದಾರಿ ಎಲ್ಲಾರದೂ ಐತಲ್ಲ," ಎಂದರು ಆಲನ್. ಅವರೂ ನನ್ನ ಮುಖ ನೋಡಲಿಲ್ಲ. ನಾನು ಟೇಬಲ್ಲು ಅವರಿಗೆ ಬಿಟ್ಟು ಬಾಯಿಯವರ ಹಿಂದೆ ಹೊರಟೆ.

ದಂಡೆಗುಂಟ

ಮೊದಲ ಒಂದು ತಾಸು ನಾಲ್ಕು ಹೆಜ್ಜೆ ಹಿಂದೆ ನಡೆದೆ. ಬಲಗಡೆ ಕಾಲುವೆ, ಎಡಗಡೆ ಕುರಿ ಮೇಯುವ ಹಸಿರು. ನಮ್ಮ ಕಡೆ ಕಪ್ಪತಗುಡ್ಡದ ಬುಡದಲ್ಲಿ ನಡೆದರೆ ಎದುರಿಗೆ ಬರುವ ಪ್ರತಿಯೊಬ್ಬನೂ ನಿಂತು ಯಾವೂರು, ಯಾರ ಮನೆಯವರು ಎಂದು ಕೇಳುತ್ತಾನೆ. ಇಲ್ಲಿ ಎದುರು ಬಂದವರು ನಕ್ಕು, ದಾರಿ ಬಿಟ್ಟು ಸರಿದು ಹೋಗುತ್ತಿದ್ದರು. ಯಾರಾದರೂ ನಿಂತು ನನ್ನನ್ನು ಬೈದಿದ್ದರೆ ಚಲೋ ಇತ್ತು.

ಒಂದು ಸೇತುವೆಯ ಕೆಳಗೆ ಬಾಯಿಯವರು ತಿರುಗದೆಯೇ ಹೇಳಿದರು: "ಮುಂದ ಬಾ. ಹಿಂದ ನಡೀಬ್ಯಾಡ. ಪೊಲೀಸರು ಕರಕೊಂಡ ಹೊಂಟಂಗ ಆಗತೈತಿ."

ಪಕ್ಕಕ್ಕೆ ಹೋದೆ. ಆಗ ನನಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿದೆ, ಆದರೆ ಬಂದದ್ದು ಕನ್ನಡದಲ್ಲೇ. "ಬಾಯಾರ, ನೀವು ದಣದೀರಂತ ಕುಂದ್ರಸಲಿಲ್ಲ ನಾನು. ಹೊತ್ತು ನೋಡಿದ್ದೆ. ನೀವು ಎದ್ದು ಹೋದ್ರ ಮತ್ತ ಒಬ್ಬನ ಆಗ್ತೀನಂತ ಎರಡನೇ ಕಪ್ ಹಾಕಿದೆ. ಸುಳ್ಳು ಬರದದ್ದೂ ನಿಮ್ಮ ಸಲುವಾಗಿ ಅಲ್ಲ. ನನ್ನ ಮಾರಿ ಉಳಿಸಿಕೊಳ್ಳಾಕ." ಇನ್ನೂ ಬಹಳ ಹೇಳಿದೆ. ಜ್ವರ ಬಂದದ್ದು, ಅತ್ತದ್ದು, ಫೋನಿನಲ್ಲಿ ಹುಸೇನಬಿಗೆ ಸುಳ್ಳು ಹೇಳಿದ್ದು.

ಅವರು ಪೂರ್ತಿ ಕೇಳಿಸಿಕೊಂಡರು. "ಏನಂದಿ?" ಎಂದರು.

"ಸಾರಿ," ಎಂದೆ.

"ಇಷ್ಟುದ್ದ ಮಾತಾಡಿ, ಅಷ್ಟೇನ?"

ಅಷ್ಟೇ ನನಗೆ ಬರುತ್ತಿದ್ದದ್ದು. ಮೊಣಕಾಲು ಬಹಳ ನೋಯತೊಡಗಿದಾಗ ಅವರು ನನ್ನ ಭುಜದ ಮೇಲೆ ಕೈ ಇಟ್ಟರು. ಹಾಗೆಯೇ ನಡೆದೆವು. ನನ್ನ ತೋಳು ಸೋತಿತು, ನಾನು ಭುಜ ಬದಲಿಸಲಿಲ್ಲ.

ಓಟ ಮುಗಿಯುವ ಜಾಗಕ್ಕೆ ಬಂದಾಗ ಏಳು ಗಂಟೆ ದಾಟಿತ್ತು. ಅಲ್ಲಿ ಬೇಸಿಗೆಯಲ್ಲಿ ಆ ಹೊತ್ತಿಗೂ ಬಿಸಿಲಿರುತ್ತದೆ. ಬಟ್ಟೆಯ ಕಮಾನನ್ನು ಇಳಿಸಿ ಮಡಚುತ್ತಿದ್ದರು. ನಮ್ಮನ್ನು ಕಂಡು ಆಲನ್ ಮತ್ತು ಆ ಗಡ್ಡದವನು ಓಡಿ ಹೋಗಿ ಕಮಾನಿನ ಎರಡೂ ತುದಿ ಹಿಡಿದು ಮೇಲಕ್ಕೆತ್ತಿದರು. ಉಳಿದವರು ಚಪ್ಪಾಳೆ ತಟ್ಟಿದರು. ಬಾಯಿಯವರು ಕಮಾನಿನ ಕೆಳಗೆ ಹಾಯಲಿಲ್ಲ. ಅದರ ಪಕ್ಕದಿಂದ, ಹುಲ್ಲಿನ ಮೇಲಿಂದ ದಾಟಿ ಹೋದರು. ಕಪ್ಪು ಕೊಡಲು ಬಂದವಳ ಕೈಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು.

ಸ್ಟೇಶನ್ನು

ಉದ್ಘಾಟನೆಯಾಯಿತು. ಯಂತ್ರ ಓಡಿತು. ಯಾರೋ ನನಗೆ ಹೂ ಕೊಟ್ಟರು. ಆ ಆರು ದಿನವೂ ಚಹದ ತಟ್ಟೆ ಬಾಗಿಲ ಹೊರಗೇ ಇತ್ತು.

ಹೊರಡುವ ದಿನ ಬಾಯಿಯವರೇ ಕಾರಿನಲ್ಲಿ ಸ್ಟೇಶನ್ನಿಗೆ ಬಿಟ್ಟರು. ಕೋಲು ಹಿಡಿದು ಪ್ಲಾಟ್‌ಫಾರ್ಮಿನ ತನಕವೂ ಬಂದರು. ಗಾಡಿ ಬರಲು ಎಂಟ್ಹತ್ತು ನಿಮಿಷವಿತ್ತು. ನನಗೆ ತಿಳಿಯಲೆಂದು ಒಂದೊಂದೇ ಶಬ್ದ ಬಿಡಿಸಿ ಹೇಳಿದರು:

"ನನಗ ಇನ್ನೂ ಸಿಟ್ಟ ಐತಿ. ಮೂರು ಸಲ ನನ್ನ ಕಾಲು ಸೋತಿದ್ದು. ಈ ಸಲ ಕಾಲು ಸೋತಿರಲಿಲ್ಲ."

ನಾನು ತಲೆ ತಗ್ಗಿಸಿದೆ.

"ಇಷ್ಟು ದಿನ ನೀ ಮನ್ಯಾಗ ಇದ್ದಿ, ನಾನೂ ಮಾತಾಡಸಲಿಲ್ಲ. ಅದೂ ಗೊತ್ತೈತಿ ನನಗ," ಎಂದರು. ಗಾಡಿ ಬಂತು. ಕೈ ಕುಲುಕಿದರು. ಗಾಡಿ ಹೊರಡುವ ತನಕ ನಿಲ್ಲಲಿಲ್ಲ, ಕೋಲು ಊರುತ್ತ ಮೆಟ್ಟಿಲ ಕಡೆ ಹೋದರು.

ಮರಳಿ ಬೆಟಗೇರಿ

ಮನೆಗೆ ಬಂದ ಮೇಲೆ ಮೂರು ದಿನ ಮಂದಿಯೋ ಮಂದಿ. ನೇಕಾರರು, ಫ್ಯಾಕ್ಟರಿಯವರು, ಲಕ್ಷ್ಮೇಶ್ವರದಿಂದ ಮಾವನ ಮಕ್ಕಳು. ಎಲ್ಲರಿಗೂ ಈ ಕಥೆ ಹೇಳಿದೆ. ನಾನು ತಪ್ಪು ಮಾಡಿದೆ ಎಂದೇ ಹೇಳಿದೆ.

"ಅದರಾಗ ತಪ್ಪೇನೈತ್ರಿ ಮಿಸ್ತ್ರಿ?" ಎಂದ ಬಸಣ್ಣ. "ದಣದ ಬಂದಾಕಿನ್ನ ಕುಂದ್ರಸಿ ಚಾ ಕೊಟ್ಟೀರಿ. ಹೊತ್ತು ನೋಡಿ ಓಡಸೂದು ಅವರ ರೀತಿ. ನಮ್ಮೂರ ಹೆಸರು ಉಳಿಸಿ ಬಂದ್ರಿ ಬಿಡ್ರಿ."

ಎಲ್ಲರೂ ಅದನ್ನೇ ಅಂದರು. ಕೆಲವರು ಬಾಯಿಯವರ ಮೇಲೆಯೇ ಬೇಜಾರು ಮಾಡಿಕೊಂಡರು, ಇಷ್ಟು ಮಾಡಿದ ಮನುಷ್ಯನ ಮೇಲೆ ಸಿಟ್ಟೇ ಎಂದು. ಕೊನೆಗೆ ಹುಸೇನಬಿಗೆ ಒಬ್ಬಳಿಗೇ ಕೂತು ಹೇಳಿದೆ, ಗಡಿಯಾರ ನೋಡಿಯೂ ಎರಡನೆಯ ಕಪ್ಪು ಸುರಿದದ್ದನ್ನು, ಯಾಕೆ ಸುರಿದೆ ಎಂಬುದನ್ನು. ಅವಳು ಅಕ್ಕಿ ಆರಿಸುತ್ತಿದ್ದಳು.

"ಯಾತಕ್ಕರ ಆಗಲಿ, ಕುಂದ್ರಸಿದ್ರಲ್ಲ. ಚಲೋನ ಮಾಡೀರಿ," ಎಂದಳು.

ಇದನ್ನು ಓದುವ ನೀವೂ ನಮ್ಮ ಕಡೆಯವರಾದರೆ ಹಾಗೆಯೇ ಅನ್ನುತ್ತೀರಿ. ಅನ್ನಬೇಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ, ಪ್ರೀತಿಯಿಂದ ಹೇಳುವ ಮಾತು ಅದು. ಆದರೆ ಹಾಗೆ ಅಂದಾಗಲೆಲ್ಲ, ಮನೆ ತುಂಬ ಮಂದಿ ಇದ್ದರೂ, ನಾನು ಒಬ್ಬನೇ ಆಗಿಬಿಡುತ್ತೇನೆ. ಆ ದೇಶದಲ್ಲಿ ನಾನು ಎಷ್ಟು ಒಂಟಿಯಾಗಿದ್ದೆ ಎಂಬುದು ಒಬ್ಬರಿಗೆ ಮಾತ್ರ ಗೊತ್ತು. ಅದರ ದಂಡ ತೆತ್ತವರು ಅವರು.